ಒಂದೇ ಹಳ್ಳ, ಬೇರೆ ಬೇರೆ ಅಳತೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಹುಬ್ಬಳ್ಳಿಯ ಬಿಡನಾಳದ ಕಡೆ ನಾಲಾ ದಂಡೆಯ ಮೇಲೆ ನಿಂತಿದ್ದೆ. ಸುತ್ತಲಿನ ಹಳ್ಳಗಳೆಲ್ಲ ಬತ್ತಿದ್ದವು. ಈ ನಾಲಾ ಮಾತ್ರ ತುಂಬಿ ಹರಿಯುತ್ತಿತ್ತು. ಬೂದು ಬಣ್ಣ, ಮೇಲೆ ಸೋಪಿನ ನೊರೆ, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ರೈತರೊಬ್ಬರು ಮೊಣಕಾಲುದ್ದ ನೀರಿನಲ್ಲಿ ಇಳಿದು ಮೋಟಾರಿನ ಫುಟ್‌ವಾಲ್ವ್ ಬಿಚ್ಚುತ್ತಿದ್ದರು. ಕಸ ಒಳಗೆ ಹೋಗಬಾರದು ಅಂತ ಅದಕ್ಕೆ ಹಳೇ ಸೊಳ್ಳೆ ಪರದೆ ಸುತ್ತಿದ್ದರು. ಪರದೆಗೆ ಶಾಂಪೂ ಚೀಟಿ, ಗುಟ್ಕಾ ಚೀಟಿ, ಪ್ಲಾಸ್ಟಿಕ್ ಚೂರು ಎಲ್ಲ ಮೆತ್ತಿಕೊಂಡಿದ್ದವು. ಒಂದೊಂದೇ ಕಿತ್ತು ದಂಡೆಗೆ ಎಸೆಯುತ್ತಿದ್ದರು. ಮೇಲೆ ಹೊಲದಲ್ಲಿ ಪಾಲಕ್, ಮೆಂತ್ಯೆ, ಕೊತ್ತಂಬರಿ ದಟ್ಟ ಹಸಿರಾಗಿ ನಿಂತಿದ್ದವು.

"ಈ ನೀರಿಗೆ ಗೊಬ್ಬರ ಭಾಳ ಬೇಕಾಗಂಗಿಲ್ರಿ," ಅಂದರು. "ಆದ್ರ ಕಾಲಿಗೆ ತುರಿಕಿ ಹತ್ತತೈತಿ. ಹೊಲಸ ನೀರು ಅಂತ ನಮಗೂ ಗೊತ್ತೈತಿ. ಎಷ್ಟು ಹೊಲಸು, ಅದನ್ನ ಯಾರರೆ ಬಂದು ಹೇಳ್ಯಾರೇನು?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನೀರು ಎಷ್ಟು ಹೊಲಸು ಅಂತ ಹೇಳಲು ಅಳತೆ ಇದೆ. ತೊಂದರೆ ಅಂದರೆ, ನಮ್ಮಲ್ಲಿ ಅಳತೆ ಒಂದಲ್ಲ. ಅದೇ ನೀರಿಗೆ ಒಂದು ಕಾಗದದಲ್ಲಿ 350 ಇದೆ, ಇನ್ನೊಂದರಲ್ಲಿ 100, ಮತ್ತೊಂದರಲ್ಲಿ 30, ಮಗದೊಂದರಲ್ಲಿ 10. ಈ ಅಂಕಿಗಳು ಎಲ್ಲಿಂದ ಬಂದವು, ಯಾಕೆ ಹೊಂದುವುದಿಲ್ಲ, ಹೊಂದಿಸಬೇಕಾದರೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಅಂಕಿ ಏನನ್ನು ಅಳೆಯುತ್ತದೆ ಅಂತ ನೋಡೋಣ. ಕೊಳಚೆ ನೀರಿನ ಮಾತು ಬಂದಾಗಲೆಲ್ಲ ಬಿಒಡಿ ಅನ್ನುವ ಮೂರು ಅಕ್ಷರ ಕೇಳುತ್ತೀರಿ. ಕನ್ನಡದಲ್ಲಿ ಜೈವಿಕ ಆಮ್ಲಜನಕ ಬೇಡಿಕೆ ಅಂತಾರೆ. ಹೆಸರು ಭಾರ, ವಿಷಯ ಸರಳ. ನೀರಿಗೆ ಅನ್ನ, ಸಾರು, ಮಲ, ಸೋಪು ಸೇರಿದರೆ ಅದನ್ನು ತಿನ್ನಲು ಬ್ಯಾಕ್ಟೀರಿಯಾ ಬರುತ್ತವೆ. ತಿನ್ನುವಾಗ ಅವೂ ಉಸಿರಾಡುತ್ತವೆ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಕೊಳೆ ಜಾಸ್ತಿ ಇದ್ದಷ್ಟೂ ಎಳೆತ ಜಾಸ್ತಿ. ಮೀನಿಗೆ ಏನೂ ಉಳಿಯುವುದಿಲ್ಲ. ಆಮ್ಲಜನಕ ಪೂರ್ತಿ ಮುಗಿದ ಮೇಲೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತವೆ. ನಾಲಾದ ಕೊಳೆತ ಮೊಟ್ಟೆಯ ವಾಸನೆ ಬರುವುದು ಅವುಗಳಿಂದ.

ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ರೀತಿ ನೋಡಲು ಚೆಂದ. 300 ಮಿಲಿ ಲೀಟರಿನ ಗಾಜಿನ ಬಾಟಲಿ. ಅದಕ್ಕೆ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಗಾಜಿನ ಬಿರಡೆ ಹಾಕುತ್ತಾರೆ. ಇನ್ನೊಂದು ಬಾಟಲಿಯ ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಅಂತ ಆಗಲೇ ನೋಡುತ್ತಾರೆ. ಮೊದಲಿನದನ್ನು ಕತ್ತಲೆಯ ಪೆಟ್ಟಿಗೆಯಲ್ಲಿ 27 ಡಿಗ್ರಿ ಶಾಖದಲ್ಲಿ ಮೂರು ದಿನ ಇಟ್ಟು ಮತ್ತೆ ನೋಡುತ್ತಾರೆ. 8 ಇದ್ದದ್ದು 5ಕ್ಕೆ ಇಳಿದಿದ್ದರೆ ಬಿಒಡಿ 3. ಅಂದರೆ ಒಂದು ಲೀಟರಿಗೆ 3 ಮಿಲಿಗ್ರಾಂ. ನಮ್ಮ ಶಾಖಕ್ಕೆ ನೀರಿನಲ್ಲಿ ಕರಗುವ ಆಮ್ಲಜನಕವೇ ಸುಮಾರು 8 ಮಿಲಿಗ್ರಾಂ. ಮನೆಗಳಿಂದ ಬರುವ ಕೊಳಚೆ ನೀರಿನ ಬಿಒಡಿ ಸಾಮಾನ್ಯವಾಗಿ 200ರ ಆಸುಪಾಸು ಇರುತ್ತದೆ. ಅದನ್ನು ನೇರವಾಗಿ ಬಾಟಲಿಗೆ ಹಾಕಿದರೆ ಆಮ್ಲಜನಕ ಬೇಗನೆ ಮುಗಿದುಹೋಗುತ್ತದೆ. ಹಾಗಾಗಿ ಒಳ್ಳೆಯ ನೀರು ಬೆರೆಸಿ ತೆಳುಮಾಡಿ ಅಳೆಯುತ್ತಾರೆ. ಈ ತೆಳುಮಾಡುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಅಂಕಿಗಳಿಗೆ ಬರೋಣ. ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿ ದೇಶಕ್ಕೆಲ್ಲ ಅನ್ವಯಿಸುತ್ತದೆ. ಹಳ್ಳ, ಹೊಳೆ, ಕೆರೆಗೆ ಬಿಡುವ ನೀರಿನ ಬಿಒಡಿ 30 ದಾಟಬಾರದು. ನೀರಾವರಿಗೆ ಅಂತ ನೆಲಕ್ಕೆ ಬಿಡುವುದಾದರೆ 100. ಸಾರ್ವಜನಿಕ ಒಳಚರಂಡಿಗೆ ಬಿಡುವುದಾದರೆ 350. ಊರಿನ ಕೊಳಚೆ ನೀರು ಸಂಸ್ಕರಿಸುವ ಎಸ್‌ಟಿಪಿಗಳಿಗೆ 2017ರ ಅಕ್ಟೋಬರಿನಲ್ಲಿ ಬೇರೆ ಅಧಿಸೂಚನೆ ಬಂತು. ಮಹಾನಗರ ಮತ್ತು ರಾಜಧಾನಿಗಳಿಗೆ 20, ಉಳಿದ ಊರುಗಳಿಗೆ 30. ಅಂದರೆ ಬೆಂಗಳೂರಿಗೆ ಒಂದು, ಹುಬ್ಬಳ್ಳಿಗೆ ಇನ್ನೊಂದು. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಭೇದ ಸರಿಯಲ್ಲ ಎಂದಿತು. 10ರ ಮಿತಿಯನ್ನು ದೊಡ್ಡ ಊರು, ಸಣ್ಣ ಊರು ಅನ್ನದೆ ಎಲ್ಲ ಕಡೆ ಪಾಲಿಸಬೇಕು ಎಂದು ಹೇಳಿತು. ಅದರ ಜೊತೆಗೆ ಸಾರಜನಕ, ರಂಜಕ, ಮಲದ ರೋಗಾಣುಗಳಿಗೂ ಬಿಗಿ ಮಿತಿ ಹಾಕಿತು.

ಇನ್ನೊಂದು ಕಡೆ, ಹೊಳೆಯ ನೀರು ಹೇಗಿರಬೇಕು ಅನ್ನುವುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬೇರೆಯೇ ಪಟ್ಟಿ ಇದೆ. ಎ ಇಂದ ಇ ತನಕ ಐದು ದರ್ಜೆ. ಜನ ಸ್ನಾನ ಮಾಡುವ ಹೊಳೆಗೆ ಬಿಒಡಿ 3ರೊಳಗಿರಬೇಕು. ಶುದ್ಧೀಕರಿಸಿ ಕುಡಿಯಲು ಬಳಸುವ ಹೊಳೆಗೂ 3.

ನೋಡಿ, ಹೊಳೆಯಲ್ಲಿ 3 ಇರಬೇಕು. ಹೊಳೆಗೆ ಬಿಡುವ ನೀರು 30 ಇರಬಹುದು. ಇದು ಹೇಗೆ ಸಾಧ್ಯ? ಹೊಳೆಯ ಒಳ್ಳೆಯ ನೀರು ಅದನ್ನು ತೆಳುಮಾಡುತ್ತದೆ ಅನ್ನುವ ನಂಬಿಕೆಯ ಮೇಲೆ. ಸೂತ್ರವೆಲ್ಲ ನಿಂತಿರುವುದೇ ಆ ನಂಬಿಕೆಯ ಮೇಲೆ.

ಒಂದು ಲೆಕ್ಕ ಹಾಕೋಣ. ಹಳ್ಳದಲ್ಲಿ ಸೆಕೆಂಡಿಗೆ 100 ಲೀಟರ್ ಒಳ್ಳೆಯ ನೀರು ಹರಿಯುತ್ತಿದೆ, ಅದರ ಬಿಒಡಿ 2 ಅಂತಿಟ್ಟುಕೊಳ್ಳಿ. ಎಸ್‌ಟಿಪಿಯಿಂದ ಸೆಕೆಂಡಿಗೆ 10 ಲೀಟರ್ ನೀರು 30ರ ಮಟ್ಟದಲ್ಲಿ ಬಂದು ಸೇರಿತು. ಬೆರೆತ ನೀರಿನ ಬಿಒಡಿ ಸುಮಾರು 4.5. ಸ್ನಾನದ ಮಿತಿ ದಾಟಿತು, ಆದರೆ 30ರ ಮಿತಿಯ ಲೆಕ್ಕದಲ್ಲಿ ಎಸ್‌ಟಿಪಿಯವರು ನಿಯಮ ಮುರಿದಿಲ್ಲ! ಅದೇ ನೀರು 10ರ ಮಟ್ಟದಲ್ಲಿ ಬಂದಿದ್ದರೆ ಬೆರೆತದ್ದು 2.7. ಮಿತಿಯೊಳಗೆ. ಈಗ ಏಪ್ರಿಲ್ ತಿಂಗಳಿಗೆ ಬನ್ನಿ. ಹಳ್ಳದಲ್ಲಿ ಸ್ವಂತ ನೀರೇ ಇಲ್ಲ. ಎಸ್‌ಟಿಪಿ ಬಿಟ್ಟದ್ದೇ ಹಳ್ಳ. 30 ಬಿಟ್ಟರೆ 30, 10 ಬಿಟ್ಟರೆ 10. ತೆಳುಮಾಡಲು ಯಾರೂ ಇಲ್ಲ.

ಹುಬ್ಬಳ್ಳಿಯ ಈ ನಾಲಾ ಹೋಗಿ ಸೇರುವ ನಮ್ಮ ಬೆಣ್ಣೆಹಳ್ಳ ಹೀಗೇ ಇರುವ ಹಳ್ಳ. ಮಳೆಗಾಲದಲ್ಲಿ ಸೊಕ್ಕಿ ಕುಂದಗೋಳ, ನವಲಗುಂದ ಕಡೆಯ ಎರೆಹೊಲಗಳ ಮೇಲೆ ಹತ್ತುತ್ತದೆ. ಬೇಸಿಗೆಯಲ್ಲಿ ಒಣಗುತ್ತದೆ. ಗಂಗೆಯಂಥ ತುಂಬು ಹೊಳೆಗೆ ಹೊಂದುವ ಅಂಕಿಯನ್ನು ಇದಕ್ಕೂ ತಂದು ಹಚ್ಚಿದರೆ ಲೆಕ್ಕ ತಪ್ಪುತ್ತದೆ, ಅಲ್ವಾ?

ನನಗೆ ನಿಜಕ್ಕೂ ಬೆರಗು ಹುಟ್ಟಿಸಿದ ಸಂಗತಿ ಇಲ್ಲಿದೆ. ಕಾನೂನು ಮಾಡಿದವರಿಗೆ ಇದು ಗೊತ್ತಿತ್ತು. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯ 17ನೇ ಕಲಮು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಒಂದು ಕೆಲಸ ಹೀಗಿದೆ: ಯಾವುದೇ ಒಂದು ನಿರ್ದಿಷ್ಟ ಹಳ್ಳ ಅಥವಾ ಹೊಳೆಗೆ ಬಿಡುವ ನೀರಿನ ಮಟ್ಟ ಗೊತ್ತುಮಾಡುವಾಗ, ಮಳೆಯಿಲ್ಲದ ದಿನಗಳಲ್ಲಿ ಅಲ್ಲಿ ಸಿಗುವ ಕನಿಷ್ಠ ತೆಳುಮಾಡುವ ನೀರನ್ನು ಲೆಕ್ಕಕ್ಕೆ ಹಿಡಿಯಬೇಕು. ವರ್ಷದ ಬಹುಭಾಗ ನೀರೇ ಸಾಲದ ಹಳ್ಳಗಳಿದ್ದರೆ, ಕೊಳಚೆಯನ್ನು ನೆಲದ ಮೇಲೆ ವಿಲೇವಾರಿ ಮಾಡುವ ವಿಧಾನ ಹುಡುಕಬೇಕು ಅಂತಲೂ ಅದೇ ಕಲಮಿನಲ್ಲಿದೆ. 50 ವರ್ಷದ ಹಿಂದೆ ಬರೆದ ಈ ಸಾಲುಗಳು ಬೆಣ್ಣೆಹಳ್ಳವನ್ನು ನೋಡಿಯೇ ಬರೆದಂತಿವೆ. ದೇಶದ ಅನುಸೂಚಿಗಿಂತ ಬಿಗಿಯಾದ ಮಿತಿ ಹಾಕುವ ಅಧಿಕಾರವೂ ರಾಜ್ಯ ಮಂಡಳಿಗೆ ಇದೆ.

ಆ ಕಾಯ್ದೆ ಹುಟ್ಟಿದ ಬಗೆಯೂ ಈ ವಿಷಯಕ್ಕೆ ಸಂಬಂಧಿಸಿದ್ದೇ. ಸಂವಿಧಾನದ ಪ್ರಕಾರ ನೀರು ರಾಜ್ಯದ ವಿಷಯ. ಸಂಸತ್ತು ತಾನಾಗಿ ಕಾನೂನು ಮಾಡುವ ಹಾಗಿರಲಿಲ್ಲ. 252ನೇ ವಿಧಿಯ ಕೆಳಗೆ ಕೆಲವು ರಾಜ್ಯಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ ಕಾಯ್ದೆ ಬಂತು. ಹಾಗೆ ಮೊದಲೇ ಕೇಳಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೊಳೆಗೆ ಗಡಿ ಇಲ್ಲ, ನಿಯಮಕ್ಕೆ ಗಡಿ ಇದ್ದರೆ ನಡೆಯುವುದಿಲ್ಲ ಅನ್ನುವುದು ಆಗಲೇ ಮನದಟ್ಟಾಗಿತ್ತು. 2024ರ ತಿದ್ದುಪಡಿಯೂ ಇದೇ ದಾರಿಯಲ್ಲಿ ಬಂದಿದೆ. ಹಲವು ತಪ್ಪುಗಳಿಗೆ ಜೈಲು ಶಿಕ್ಷೆ ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿ ತನಕ ದಂಡ ಇಟ್ಟಿದೆ. ನಿರ್ಣಯ ಮಾಡಿ ಒಪ್ಪಿಕೊಂಡ ರಾಜ್ಯಗಳಿಗೆ ಅದು ಅನ್ವಯ.

ಹಾಗಾದರೆ ಸಮಾನ ನೀತಿ ಅಂದರೆ ಎಲ್ಲ ಕಡೆ ಒಂದೇ ಅಂಕಿ ಅಂತಲೇ? ನನ್ನ ಮಟ್ಟಿಗೆ ಅಲ್ಲ. ಅಂಕಿ ಗೊತ್ತುಮಾಡುವ ವಿಧಾನ ಒಂದೇ ಇರಬೇಕು. ಮೊದಲು ಕೆಳಗೆ ಇಳಿದು ನೋಡಬೇಕು. ಈ ನೀರನ್ನು ಮುಂದೆ ಯಾರು ಬಳಸುತ್ತಾರೆ, ಕುಡಿಯಲಿಕ್ಕೋ, ದನ ತೊಳೆಯಲಿಕ್ಕೋ, ತಪ್ಪಲ ಪಲ್ಯ ಬೆಳೆಯಲಿಕ್ಕೋ? ಅವರಿಗೆ ಯಾವ ಮಟ್ಟದ ನೀರು ಬೇಕು? ಬೇಸಿಗೆಯಲ್ಲಿ ತೆಳುಮಾಡಲು ಎಷ್ಟು ನೀರಿದೆ? ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಪೈಪಿನ ಬಾಯಲ್ಲಿ ಎಷ್ಟಿರಬೇಕು ಅನ್ನುವುದು ತಾನಾಗಿ ಸಿಗುತ್ತದೆ. ಈಗ ನಡೆಯುತ್ತಿರುವುದು ತಿರುವುಮುರುವು. ಪೈಪಿನ ಬಾಯಿಗೆ ಅಂಕಿ ಹಚ್ಚಿ, ಕೆಳಗಿನವರ ಪಾಡು ಅವರಿಗೆ ಬಿಡುತ್ತೇವೆ.

ಕೆಳಗೆ ಇರುವವರು ಯಾರು ಅಂತ ನೋಡಲು ಹುಬ್ಬಳ್ಳಿ ನೀರಿನ ಹಿಂದೆಯೇ ಹೋಗೋಣ. ಉಣಕಲ್ ಕೆರೆಯ ಕಡೆಯಿಂದ ಬರುವ ನಾಲಾ ಊರ ನಡುವೆ ಹಾಯ್ದು, ದಾರಿಯುದ್ದಕ್ಕೂ ಓಣಿಗಳ ಗಟಾರ ಕೂಡಿಸಿಕೊಂಡು, ಬಿಡನಾಳ, ಗಬ್ಬೂರಿನ ಕಡೆ ಇಳಿದು ಬೆಣ್ಣೆಹಳ್ಳದ ಸೀಮೆ ಸೇರುತ್ತದೆ. ಬೆಣ್ಣೆಹಳ್ಳ ನವಲಗುಂದ ದಾಟಿ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಕೂಡುತ್ತದೆ. ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಇತ್ತ ನಾವು ಕುಡಿಯುವುದು ಯಾವ ನೀರು? ಅದೇ ಮಲಪ್ರಭೆಯದು. ಆದರೆ ಸವದತ್ತಿ ಹತ್ತಿರದ ರೇಣುಕಾಸಾಗರದಿಂದ, ಬೆಣ್ಣೆಹಳ್ಳ ಸೇರುವ ಜಾಗಕ್ಕಿಂತ ಬಹಳ ಮೇಲಿನಿಂದ ತರುತ್ತೇವೆ. ಒಳ್ಳೆಯದನ್ನು ಮೇಲಿಂದ ತಗೊಂಡು, ಹೊಲಸನ್ನು ಕೆಳಗೆ ಬಿಡುತ್ತೇವೆ. ನಾವು ಬಿಟ್ಟದ್ದು ನಮ್ಮ ನಲ್ಲಿಗೆ ತಿರುಗಿ ಬರುವುದಿಲ್ಲ. ಬಂದಿದ್ದರೆ ಇಷ್ಟು ಹೊತ್ತಿಗೆ ಈ ವಿಷಯ ಬಗೆಹರಿದಿರುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಧಾರವಾಡದ ಭೂಗೋಳ ಇನ್ನೊಂದು ತೊಡಕು ತರುತ್ತದೆ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿಯ ಜೊತೆ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತದೆ. ಊರಿನ ಪೂರ್ವದ ಮಗ್ಗುಲಿನ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅವಳಿ ನಗರ ಕೂತಿರುವುದು ಎರಡು ಸಮುದ್ರಗಳ ನಡುವಿನ ಏರಿನ ಮೇಲೆ. ಹಾಗಾಗಿ ಕೆಳಗಿನವರನ್ನು ಎರಡೂ ದಿಕ್ಕಿಗೆ ಹುಡುಕಬೇಕು.

ಇನ್ನು ಪ್ರಮಾಣದ ಮಾತು. ಒಂದು ಸಣ್ಣ ಕಾರ್ಖಾನೆ ದಿನಕ್ಕೆ ಒಂದು ಲಕ್ಷ ಲೀಟರ್ ನೀರನ್ನು 30ರ ಮಟ್ಟದಲ್ಲಿ ಬಿಟ್ಟರೆ ಹಳ್ಳಕ್ಕೆ ಬೀಳುವ ಕೊಳೆಯ ಭಾರ 3 ಕಿಲೋ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 40 ಸಾವಿರ ದಾಟಿತ್ತು. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಅನ್ನುವುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ಹಾಗೆ ಹಿಡಿದರೆ ದಿನಕ್ಕೆ ಸುಮಾರು 10 ಕೋಟಿ ಲೀಟರ್. ಅಷ್ಟನ್ನೂ 30ರ ಮಟ್ಟಕ್ಕೆ ಸಂಸ್ಕರಿಸಿ ಬಿಟ್ಟರೂ ದಿನಕ್ಕೆ 3,000 ಕಿಲೋ. ಕಾಗದದ ಮೇಲೆ ಇಬ್ಬರೂ ಪಾಸು. ಹಳ್ಳಕ್ಕೆ ಬೀಳುವ ಭಾರದಲ್ಲಿ ಸಾವಿರ ಪಟ್ಟು ವ್ಯತ್ಯಾಸ. ಅದಕ್ಕೇ ಪ್ರತಿ ಹಳ್ಳ ಒಟ್ಟು ಎಷ್ಟು ಕಿಲೋ ತಡೆದುಕೊಳ್ಳಬಲ್ಲದು ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ಪಾಲಿಕೆಗೆ ಇಷ್ಟು, ಕಾರ್ಖಾನೆಗೆ ಇಷ್ಟು ಅಂತ ಪಾಲು ಹಾಕಬೇಕು. ಮಿಲಿಗ್ರಾಂ ಜೊತೆಗೆ ಕಿಲೋ ಲೆಕ್ಕವೂ ಸಮ್ಮತಿ ಪತ್ರದಲ್ಲಿ, ಅಂದರೆ ನೀರು ಬಿಡಲು ಮಂಡಳಿ ಕೊಡುವ ಅನುಮತಿಯಲ್ಲಿ ಬರಬೇಕು.

350ರ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಬಹಳ ಜನ ಗಮನಿಸದ ಒಂದು ಅಡಿಟಿಪ್ಪಣಿ ಇದೆ. ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕಡೆಯ ಕೈಗಾರಿಕಾ ಪ್ರದೇಶದ ಒಂದು ಘಟಕ ತನ್ನ ನೀರನ್ನು ಯುಜಿಡಿ, ಅಂದರೆ ಒಳಚರಂಡಿ ಪೈಪಿಗೆ ಬಿಡುತ್ತದೆ ಅಂತ ಇಟ್ಟುಕೊಳ್ಳಿ. ಪೈಪಿನ ಕೊನೆಗೆ ಎಸ್‌ಟಿಪಿ ಇರುತ್ತದೆ, ಅದು ಉಳಿದ ಕೊಳೆ ತೆಗೆಯುತ್ತದೆ ಅನ್ನುವ ಕಾರಣಕ್ಕೆ 350ರ ಸಡಿಲಿಕೆ. ಒಳಚರಂಡಿ ಜೈವಿಕ ಸಂಸ್ಕರಣೆ ಇರುವ ಘಟಕಕ್ಕೆ ಹೋಗಿ ಸೇರಿದರೆ ಮಾತ್ರ ಈ ಅಂಕಿ ನಡೆಯುತ್ತದೆ. ಪೈಪು ನೇರ ನಾಲಾಕ್ಕೆ ಬೀಳುತ್ತಿದ್ದರೆ ಅದು ಹಳ್ಳಕ್ಕೆ ಬಿಟ್ಟ ಹಾಗೇ, 30ರ ಮಿತಿಯೇ ಅನ್ವಯ. ನಿಯಮ ಸ್ಪಷ್ಟವಾಗಿದೆ. ಆದರೆ ಯಾವ ಓಣಿಯ ಪೈಪು ಎಲ್ಲಿಗೆ ಹೋಗಿ ಬೀಳುತ್ತದೆ ಅನ್ನುವುದು ಪಾಲಿಕೆಯ ನಕ್ಷೆಯಲ್ಲಿರುತ್ತದೆ, ಸಮ್ಮತಿ ಪತ್ರ ಕೊಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಇವೆರಡೂ ಒಂದೇ ಮೇಜಿನ ಮೇಲೆ ಬರದಿದ್ದರೆ ಆ ಅಡಿಟಿಪ್ಪಣಿ ಸುಮ್ನೆ ಕಾಗದದಲ್ಲೇ ಉಳಿಯುತ್ತದೆ.

ಲೋಹಗಳ ಲೆಕ್ಕವೇ ಬೇರೆ. ಕ್ರೋಮಿಯಂ, ಸೀಸಗಳನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುವುದಿಲ್ಲ. ಎಸ್‌ಟಿಪಿಗೆ ಬಂದರೆ ಸ್ವಲ್ಪ ಕೆಸರಿನಲ್ಲಿ ಕೂರುತ್ತವೆ, ಸ್ವಲ್ಪ ನೀರಿನ ಜೊತೆ ಹೊರಗೆ ಹೋಗುತ್ತವೆ. ಅವುಗಳನ್ನು ಕಾರ್ಖಾನೆಯ ಗೇಟಿನೊಳಗೇ ತಡೆಯಬೇಕು. ಬೇರೆ ದಾರಿ ಇಲ್ಲ.

ಹೊಲಕ್ಕೆ ಹೋಗುವ ನೀರಿಗೆ 100 ಅಂದೆ. ಬಿಡನಾಳದ ರೈತರ ದೃಷ್ಟಿಯಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೊಳಚೆ ನೀರಿನಲ್ಲಿ ಸಾರಜನಕ, ರಂಜಕ ಇರುತ್ತವೆ. ಅದು ಬೆಳೆಗೆ ಗೊಬ್ಬರ. ಅದಕ್ಕೇ ಪಾಲಕ್ ಅಷ್ಟು ಹಸಿರು. ಬರದ ನಾಡಿನಲ್ಲಿ ವರ್ಷವಿಡೀ ಸಿಗುವ ನೀರು ಇದೊಂದೇ. ನೀರು ಹೊಲಸು ಅಂತ ಹೇಳಿ ಅವರ ಮೋಟಾರು ಕಿತ್ತುಹಾಕುವುದು ಅನ್ಯಾಯ. ಹಾಗೆ ಮಾಡಿದರೆ ತಪ್ಪು ಮಾಡಿದ ಊರು ಆರಾಮಾಗಿರುತ್ತದೆ, ಅನ್ನ ಕಳೆದುಕೊಳ್ಳುವವನು ರೈತ. ಆದರೆ ಹೊಲದಲ್ಲಿ ಬಿಒಡಿಗಿಂತ ದೊಡ್ಡ ಚಿಂತೆ ರೋಗಾಣು ಮತ್ತು ಜಂತುಹುಳುವಿನ ಮೊಟ್ಟೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹಸಿಯಾಗಿ ತಿನ್ನುವ ಬೆಳೆಗೆ ಬಳಸುವ ನೀರಿಗೆ ಮಿತಿ ಹೇಳಿತ್ತು. ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಹುಳುವಿನ ಮೊಟ್ಟೆ ಇರಬಾರದು, 100 ಮಿಲಿ ಲೀಟರಿಗೆ 1,000ಕ್ಕಿಂತ ಹೆಚ್ಚು ಮಲದ ಕೋಲಿಫಾರಂ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ ಇರಬಾರದು. 2006ರಲ್ಲಿ ಅದೇ ಸಂಸ್ಥೆ ಇನ್ನೂ ನೆಲಕ್ಕೆ ಹತ್ತಿರವಾದ ದಾರಿ ತೋರಿಸಿತು. ಸಂಸ್ಕರಣೆ ಒಂದೇ ತಡೆಗೋಡೆ ಆಗಬೇಕಿಲ್ಲ. ನೀರನ್ನು ಹೊಂಡದಲ್ಲಿ ನಿಲ್ಲಿಸಿ ಮೊಟ್ಟೆಗಳು ತಳಕ್ಕೆ ಕೂರಲು ಬಿಡುವುದು, ಎಲೆಯ ಮೇಲೆ ಸುರಿಯದೆ ಬೇರಿಗೆ ಹರಿಸುವುದು, ಕೊಯ್ಯುವ ಮುಂಚೆ ಕೆಲವು ದಿನ ಈ ನೀರು ನಿಲ್ಲಿಸುವುದು, ಕೊತ್ತಂಬರಿ ಬದಲು ಬೇಯಿಸಿ ತಿನ್ನುವ ಬೆಳೆ ಹಾಕುವುದು, ಸಂತೆಗೆ ಒಯ್ಯುವ ಮುಂಚೆ ಒಳ್ಳೆಯ ನೀರಿನಲ್ಲಿ ತೊಳೆಯುವುದು. ಒಂದೊಂದೂ ಅಪಾಯವನ್ನು ಸ್ವಲ್ಪ ಸ್ವಲ್ಪ ಇಳಿಸುತ್ತದೆ. ನೀರಿಗೆ ಇಳಿಯುವವರಿಗೆ ಗಂಬೂಟು, ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ ಕೊಟ್ಟರೆ ಎಷ್ಟು ಖರ್ಚಾದೀತು?

ನಗರಗಳ ಕೊಳಚೆ ನೀರನ್ನು ಶುದ್ಧಮಾಡಿ ಮರುಬಳಸುವ ನೀತಿಯನ್ನು ಕರ್ನಾಟಕ 2017ರಲ್ಲೇ ತಂದಿದೆ. ನನ್ನ ಅಭಿಪ್ರಾಯದಲ್ಲಿ ಈ ಹೊಲಗಳನ್ನು ಆ ನೀತಿಯ ಲೆಕ್ಕದೊಳಗೆ ತರುವುದು ಮೊದಲ ಹೆಜ್ಜೆ. ಈಗ ಅವರು ಯಾವ ಲೆಕ್ಕದಲ್ಲೂ ಇಲ್ಲದ ಬಳಕೆದಾರರು.

ಹಾವೇರಿ, ಗದಗದ ಕಡೆ ತಿರುಗಿದರೆ ಕಥೆ ತುಂಗಭದ್ರೆಯದು. ಬಲದಂಡೆಯ ಹರಿಹರ ದಾವಣಗೆರೆ ಜಿಲ್ಲೆ, ಎದುರಿನ ಕುಮಾರಪಟ್ಟಣ ಹಾವೇರಿ ಜಿಲ್ಲೆ. ಒಂದೇ ಹೊಳೆ, ಎರಡು ದಂಡೆ, ಎರಡು ಜಿಲ್ಲಾಡಳಿತ. ಮೇಲೆ ಭದ್ರಾವತಿ, ಶಿವಮೊಗ್ಗ. ಕೆಳಗೆ ಅದೇ ನೀರನ್ನು ಗದಗ-ಬೆಟಗೇರಿಯ ಜನ ಕುಡಿಯುತ್ತಾರೆ. 1980ರ ದಶಕದಲ್ಲಿ ಈ ಹೊಳೆಯಲ್ಲಿ ಮೀನು ಸತ್ತು ತೇಲಿದಾಗ ದಂಡೆಯ ಹಳ್ಳಿಗಳ ಜನ ಎದ್ದು ನಿಂತರು. ಧಾರವಾಡದಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಅವರ ಜೊತೆ ನಿಂತಿತು. ಆದರೂ 2018ರಲ್ಲಿ ಕೇಂದ್ರ ಮಂಡಳಿ ಪಟ್ಟಿ ಮಾಡಿದ ದೇಶದ 351 ಕಲುಷಿತ ನದಿ ಭಾಗಗಳಲ್ಲಿ ಕರ್ನಾಟಕದ 17 ಇದ್ದವು. ತುಂಗಭದ್ರೆ, ಮಲಪ್ರಭೆ ಎರಡೂ ಅದರಲ್ಲಿದ್ದವು. ನಮ್ಮ ಕುಡಿಯುವ ನೀರಿನ ಎರಡೂ ಕಣ್ಣು.

ಗದಗ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಬೇರೆ ಜಾತಿಯ ತೊಂದರೆ. ಅದು ಕಲ್ಲಿನಿಂದ ಬರುವುದು, ಯಾರೂ ಬಿಟ್ಟದ್ದಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಆದರೆ ಬಾವಿ ನೀರು ಕುಡಿಯಲು ಬಾರದ ಊರುಗಳು ಹೊಳೆಯನ್ನೇ ನಂಬಬೇಕು. ಹಾಗಾಗಿ ಮೇಲಿನ ಊರು ಹೊಳೆ ಕೆಡಿಸಿದರೆ ಮುಂಡರಗಿ ಕಡೆಯವರಿಗೆ ಎರಡೂ ಬಾಗಿಲು ಮುಚ್ಚುತ್ತವೆ.

ಕೊನೆಗೆ, ಅಳೆಯುವುದು ಯಾರು, ಯಾವಾಗ? ಬೆಳಿಗ್ಗೆ 11ಕ್ಕೆ ಒಂದು ಬಾಟಲಿ ತುಂಬಿದರೆ ಆ ಕ್ಷಣದ ನೀರು ಮಾತ್ರ ಸಿಗುತ್ತದೆ. ರಾತ್ರಿ ಎರಡಕ್ಕೆ ಬಿಟ್ಟದ್ದು ಅಷ್ಟೊತ್ತಿಗೆ ಎಷ್ಟೋ ದೂರ ಹೋಗಿರುತ್ತದೆ. ದಿನವಿಡೀ ಗಂಟೆಗೊಮ್ಮೆ ತೆಗೆದು ಬೆರೆಸಿದ ಮಾದರಿ ಇದಕ್ಕಿಂತ ನಿಜ ಹೇಳುತ್ತದೆ. ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ದಿಮೆಗಳಿಗೆ ಸದಾ ಅಳೆಯುವ ಯಂತ್ರ ಕಡ್ಡಾಯ ಮಾಡಲಾಗಿದೆ. ಎಸ್‌ಟಿಪಿಗಳ ಬಾಯಿಗೂ ಅದು ಬೇಕು, ಅಂಕಿ ಜನರಿಗೆ ಕಾಣುವಂತೆಯೂ ಇರಬೇಕು.

ನೀವು ನಾವು ತುಂಬಿದ ಬಾಟಲಿ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಅದೇ 1974ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಂಡಳಿಯ ಅಧಿಕಾರಿ ನೋಟಿಸು ಕೊಟ್ಟು, ಘಟಕದವರ ಎದುರಿಗೇ ಮಾದರಿ ತೆಗೆದು, ಎರಡು ಪಾಲು ಮಾಡಿ, ಸೀಲು ಹಾಕಿ, ಇಬ್ಬರ ಸಹಿ ಆಗಬೇಕು. ಆದರೆ ನಮ್ಮ ಕೈ ಪೂರ್ತಿ ಕಟ್ಟಿಲ್ಲ. 49ನೇ ಕಲಮಿನ ಪ್ರಕಾರ ಯಾರಾದರೂ 60 ದಿನದ ನೋಟಿಸು ಕೊಟ್ಟು ಕೋರ್ಟಿಗೆ ದೂರು ಒಯ್ಯಬಹುದು. 25ನೇ ಕಲಮಿನ ಪ್ರಕಾರ ಯಾರಿಗೆ ಏನೇನು ಷರತ್ತು ಹಾಕಿ ಸಮ್ಮತಿ ಕೊಡಲಾಗಿದೆ ಅನ್ನುವ ಒಂದು ವಹಿಯನ್ನು ಮಂಡಳಿ ಇಡಬೇಕು. ಸಂಬಂಧಪಟ್ಟ ಯಾರು ಬೇಕಾದರೂ ಹೋಗಿ ಅದನ್ನು ನೋಡಬಹುದು.

ಬಿಡನಾಳದ ಆ ರೈತರು ಸಂಬಂಧಪಟ್ಟವರೇ. ಮುಂದಿನ ಸಲ ಹೋದಾಗ ಈ ಕಲಮಿನ ಮಾತು ಹೇಳಿದೆ. ಸೊಳ್ಳೆ ಪರದೆ ಹಿಂಡುತ್ತಲೇ ಕೇಳಿಸಿಕೊಂಡರು. "ವಹಿಯೊಳಗ ಬ್ಯಾಸಿಗಿ ನೀರಿಂದ ಬ್ಯಾರೆ ಬರದಿರ್ತಾರೇನ್ರಿ?" ಅಂತ ಕೇಳಿದರು. 17ನೇ ಕಲಮು ಕೇಳುವುದೂ ಅದನ್ನೇ. ಅವರ ಊರಿನ ಇನ್ನಿಬ್ಬರನ್ನೂ ಕರೆದುಕೊಂಡು ವಹಿ ನೋಡಲು ಹೋಗೋಣ ಅಂತ ಮಾತಾಗಿದೆ.